ಫಾರಂನಲ್ಲಿ ಬರೆದದ್ದು

ಎಂಡೋಸ್ಕೋಪಿ ಮಾಡಿಸಿ ಹದಿನೈದು ದಿನವಾದರೂ ಅವಳಿಗೆ ಜ್ವರ ಬಿಟ್ಟಿರಲಿಲ್ಲ.

"ಹೃದಯದ ಕವಾಟಕ್ಕೆ ಸೋಂಕು ತಗುಲಿದೆ. ಎಂಡೋಸ್ಕೋಪಿಯಿಂದ ಹೀಗಾಗೋದು ಬಲು ಅಪರೂಪ," ಎಂದರು ಡಾಕ್ಟರು. "ಚಿಕ್ಕಂದಿನಲ್ಲಿ ಹೃದಯದ ತೊಂದರೆ ಏನಾದ್ರೂ ಇತ್ತೇನಮ್ಮ?"

ಅವಳು ಹೊದಿಕೆಯ ಅಂಚು ಹಿಂಡುತ್ತಾ ಗಂಡನತ್ತ ತಿರುಗಿದಳು. "ರೀ, ಒಂದು ಎಳನೀರು ತರ್ತೀರಾ?"

ಅವನು ಆಚೆ ಹೋಗಿದ್ದೇ ತಡ ಪಿಸುಗುಟ್ಟಿದಳು. "ಇತ್ತು ಡಾಕ್ಟ್ರೇ. ಅಪ್ಪ ಅಮ್ಮ ಮುಚ್ಚಿಟ್ಟು ಮದುವೆ ಮಾಡಿದ್ರು. ಮೂರು ವಾರಕ್ಕೊಂದ್ಸಲ ಅಮ್ಮನ ಮನೆಗೆ ಅಂತ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬರ್ತೀನಿ. ಅವರಿಗೆ ಗೊತ್ತಾದ್ರೆ ನನ್ನ ಗತಿ ಏನು?"

"ಮತ್ತೆ ಎಂಡೋಸ್ಕೋಪಿಗೆ ಮುಂಚೆ ಕೊಟ್ಟ ಫಾರಂನಲ್ಲಿ, ಹೃದಯದ ಕಾಯಿಲೆ ಇದೆಯಾ ಅನ್ನೋ ಕಡೆ ‘ಇಲ್ಲ’ ಅಂತ ಯಾಕೆ ಬರೆದ್ರಿ? ಗೊತ್ತಿದ್ದಿದ್ರೆ ಮೊದಲೇ ಎಚ್ಚರ ವಹಿಸ್ತಿದ್ವಿ."

"ಬರೆದಿದ್ದು ಅವರು. ಅವರಿಗೇನು ಗೊತ್ತು, ಪಾಪ!"

ಬಾಗಿಲಲ್ಲಿ ಗಂಡ ಬರಿಗೈಯಲ್ಲಿ ನಿಂತಿದ್ದ.

"ಹನ್ನೊಂದು ವರ್ಷದಿಂದ ಗೊತ್ತು ಕಣೇ. ಅವತ್ತು ಫಾರಂ ತುಂಬ್ತಿದ್ದಾಗ ನನ್ನ ಕೈಲಿದ್ದ ಪೆನ್ನನ್ನೇ ನೋಡ್ತಾ ನೀನು ಬೆವರ್ತಿದ್ದೆ. ನೋಡಕ್ಕಾಗ್ದೆ ‘ಇಲ್ಲ’ ಅಂತ ಬರೆದ್ಬಿಟ್ಟೆ."