ಕೋಡಿ ಬಿದ್ದ ದಿನ

ಕೆರೆಗೆ ಬಾಗಿನ ಬಿಟ್ಟು ಬಂದ ಪೂಜಾರಿ ಬಯ್ಯಪ್ಪ, ತೀರ್ಥ ಕೊಡಲು ಚೊಂಬಿಗೆ ಅಂಗಡಿಯ ಬಾಟಲಿ ನೀರು ಸುರಿದ. ಎಲ್ಲರಿಗಿಂತ ಮುಂದೆ ಅಂಗೈ ಚಾಚಿ ನಿಂತಿದ್ದ ಮುದುಕಿ ಅಮ್ಮಾಜಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಯಾಕಪ್ಪ ಬಯ್ಯಪ್ಪ, ಎಷ್ಟು ವರ್ಷಕ್ಕೆ ಕೆರೆ ಕೋಡಿ ಬಿದ್ದೈತೆ. ಅದರ ನೀರೇ ಕೊಡಬಾರ್ದಾ?"

"ಇದು ಮಳೆ ನೀರಲ್ಲ ಕಣಮ್ಮ. ಬೆಂಗಳೂರೋರ ಬಚ್ಚಲು ನೀರನ್ನ ಸೋಸಿ ಪೈಪಲ್ಲಿ ಬಿಟ್ಟಿರೋದು. ಹಿಪ್ಪುನೇರಳೆ ತೋಟಕ್ಕೆ ಆಗ್ತದೆ, ಬಾಯಿಗೆ ಬೇಡ."

"ಅಜ್ಜಿ, ಎಲ್ರೂ ಕಾಯ್ತಿದಾರೆ, ತಗೋ," ಎಂದಳು ಚಿಂತಾಮಣಿಯ ಕಾಲೇಜಿನಲ್ಲಿ ಓದುವ ಮೊಮ್ಮಗಳು ಶಿರೀಷಾ.

ಅಮ್ಮಾಜಮ್ಮ ಕೆರೆಯನ್ನೇ ನೋಡಿದಳು. ಬಳೆ, ಅರಿಶಿನ, ಕುಂಕುಮವಿದ್ದ ಮೊರ ಇನ್ನೂ ದಡದ ಹತ್ತಿರವೇ ತೇಲುತ್ತಿತ್ತು. ಬೇಸಿಗೆ ಬಂದಾಗಲೆಲ್ಲ ಬಿರುಕುಬಿಟ್ಟ ಈ ಕೆರೆಯಂಗಳದಲ್ಲಿ ಅವಳು ದೀಪ ಹಚ್ಚಿಟ್ಟು, ನೀರಾಗಿ ಬಾ ಎಂದು ಗಂಗಮ್ಮನನ್ನು ಬೇಡಿಕೊಂಡಿದ್ದಳು. ಮತ್ತೆ ಬಯ್ಯಪ್ಪನತ್ತ ತಿರುಗಿ, ಈ ಸಲ ಎರಡೂ ಕೈ ಸೇರಿಸಿ ಒಡ್ಡಿದಳು. ಬಯ್ಯಪ್ಪ ಸುರಿದ ತೀರ್ಥವನ್ನು ಅವಳು ಕುಡಿಯಲಿಲ್ಲ. ಹನಿಯೂ ಚೆಲ್ಲದಂತೆ ಬೊಗಸೆಯಲ್ಲಿ ಹಿಡಿದು ಕೆರೆಯ ಮೆಟ್ಟಿಲಿಳಿದಳು. ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆಯನ್ನು ಮೆಲ್ಲಗೆ ಬಗ್ಗಿಸಿದಳು.

"ಗಂಗಮ್ಮ ತಲ್ಲಿ, ನನ್ನ ತಾಯಿ, ಅಷ್ಟು ದೂರದಿಂದ ದಣಿದು ಬಂದಿದ್ದೀಯ. ಮೊದಲು ನೀನು ಒಂದು ಗುಟುಕು ಒಳ್ಳೆ ನೀರು ಕುಡಿಯಮ್ಮ."