ಚಾಡಿ ಹೇಳುವ ಚಾಕು

“ರಕ್ತ ತಾಗಿದ್ರೆ ಇದರ ಮೇಲೆ ಕಲೆ ಉಳಿಯುತ್ತಾ?”

ಅಂಗಡಿಯವನ ಚಹಾ ಬಾಯಿಗೆ ತಲುಪದೆ ಅರ್ಧದಾರಿಯಲ್ಲೇ ನಿಂತಿತು. ಕೇಳಿದವಳು ದರ್ಜಿ. ಕೊರಳಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ಕಾಡು ಸುತ್ತುವವರ ಸಾಮಾನು ಮಾರುವ ಆ ಅಂಗಡಿಗೆ ಹೆಂಗಸರು ಬರುವುದೇ ಅಪರೂಪ. ಬಂದರೂ ಟಾರ್ಚ್ ಕೇಳಿ ಹೋಗುತ್ತಾರೆ.

“ಬೆಳಿಗ್ಗೆ ಬೆಳಿಗ್ಗೆ ರಕ್ತ ಯಾಕೆ ಮೇಡಂ?”

“ಸರಿ, ರಕ್ತ ಬೇಡ. ನಿಂಬೆಹಣ್ಣು, ಹಸಿ ಕೊಂಬೆ, ಏನೋ ಒಂದು. ಕಲೆ ಉಳಿಯುತ್ತಾ?”

“ಉಳಿಯುತ್ತೆ. ಕಾರ್ಬನ್ ಸ್ಟೀಲ್ ಅಲ್ವಾ, ಏನು ಮುಟ್ಟಿದ್ರೂ ಬಣ್ಣ ತಿರುಗುತ್ತೆ. ಎಣ್ಣೆ ಹಚ್ಚದಿದ್ರೆ ತುಕ್ಕು. ಬರೀ ತಲೆನೋವು. ಈ ಸ್ಟೇನ್‌ಲೆಸ್ ತಗೊಳ್ಳಿ. ಏನು ಮಾಡಿದ್ರೂ ಒರೆಸಿದ್ರೆ ಮುಗೀತು, ಯಾರಿಗೂ ಗೊತ್ತಾಗಲ್ಲ.”

“ಅದು ಮನೇಲಿದೆ, ನಿಮ್ಮಲ್ಲೇ ತಗೊಂಡಿದ್ದು. ನನಗೆ ಗೊತ್ತಾಗೋ ಅಂಥದ್ದೇ ಬೇಕು.”

ಉಕ್ಕಿನ ವಿಷಯದಲ್ಲಿ ಅವಳಿಗೆ ಟೋಪಿ ಹಾಕುವುದು ಸುಲಭವಿರಲಿಲ್ಲ. ಎಂದೋ ಸೂಜಿ ಚುಚ್ಚಿದ ಬೆರಳಿನ ರಕ್ತ ಅವಳ ಹಳೆಯ ಕತ್ತರಿಯ ಮೇಲೆ ಕಪ್ಪು ಚುಕ್ಕೆಯಾಗಿ ಇನ್ನೂ ಕೂತಿತ್ತು. ಮಡಚುವ ಚಾಕುಗಳನ್ನು ಪಕ್ಕಕ್ಕೆ ತಳ್ಳಿದಳು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಹಾದುಹೋಗಿದ್ದ ಒಂದನ್ನು ಎತ್ತಿಕೊಂಡಳು. ಅಂಗೈಯುದ್ದದ ಅಲಗು, ಮರದ ಹಿಡಿ, ಕಲ್ಲಿಗೆ ಕುಟ್ಟಿದರೆ ಕಿಡಿ ಹಾರಿಸುವ ಚೌಕ ಬೆನ್ನು. ಹರಿತದ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ ತಲೆಯಾಡಿಸಿದಳು.

ಪಕ್ಕದ ಕಪಾಟಿನಲ್ಲಿ ಒಣ ಎಲೆ, ಮರದ ಪುಡಿ, ಬೂದಿಯ ಪೊಟ್ಟಣಗಳಿದ್ದವು.

“ಬೂದಿನೂ ದುಡ್ಡು ಕೊಟ್ಟು ತಗೋತಾರಾ?”

“ಭಾನುವಾರ ಸಂಜೆ ಒಂದೂ ಉಳಿಯಲ್ಲ,” ಎಂದ ಅಂಗಡಿಯವನು ಹೆಮ್ಮೆಯಿಂದ. “ಅಂದಹಾಗೆ, ಚಾಕು ಯಾರಿಗೆ?”

“ನಮ್ಮ ಯಜಮಾನ್ರಿಗೆ. ಲಿಫ್ಟ್ ರಿಪೇರಿ ಮಾಡ್ತಾರೆ. ಶನಿವಾರ ಬಂತೂಂದ್ರೆ ಕಾಡಿಗೆ ಹೋಗ್ತಾರೆ.”

ಚಹಾ ಅಂಗಿಯ ಮೇಲೆ ಚೆಲ್ಲಿತು. ಒರೆಸಿಕೊಳ್ಳುವುದನ್ನೂ ಮರೆತು ಅವನು ತಗ್ಗಿದ ದನಿಯಲ್ಲಿ ಹೇಳಿದ: “ದುಡುಕಬೇಡಿ ಮೇಡಂ. ಸಂಸಾರ ಅಂದಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಸ್ಟೇನ್‌ಲೆಸ್‌ನಲ್ಲೇ ಒಳ್ಳೇದು ತೋರಿಸ್ತೀನಿ.”

“ಇದನ್ನೇ ಕಟ್ಟಿಕೊಡಿ. ಅವರಿಗೆ ತಲುಪಿದ್ರೆ ಸಾಕು.”

ಗಂಡನನ್ನು ಕೊಲ್ಲುವ ಯೋಚನೆ ಅವಳಿಗೆ ಇರಲಿಲ್ಲ. ಆ ದಿನದ ಮಟ್ಟಿಗಂತೂ ಇರಲಿಲ್ಲ. ಅವಳಿಗೆ ಇದ್ದದ್ದು ಭಯ. ಜಿರಳೆ ಕಂಡರೆ ಸೋಫಾ ಹತ್ತುವ ಮನುಷ್ಯ ಒಂದು ವರ್ಷದಿಂದ ಕಾಡಿನಲ್ಲಿ ರಾತ್ರಿ ಕಳೆಯುತ್ತಿದ್ದ. ಭಾನುವಾರ ಸಂಜೆ ಹೊಗೆ ವಾಸನೆ ಹೊತ್ತು, ಮೊಣಕಾಲಿಗೆ ಬೂದಿ ಮೆತ್ತಿಕೊಂಡು ಬಂದು, ಎರಡು ಕಡ್ಡಿ ಉಜ್ಜಿ ಬೆಂಕಿ ಹೊತ್ತಿಸಿದ ಕಥೆ ಹೇಳುತ್ತಿದ್ದ. ಗೆಡ್ಡೆಗೆಣಸು ತಿಂದು ಬದುಕಿದೆ ಎನ್ನುತ್ತಿದ್ದ. ಆದರೆ ಅವನ ಪ್ಯಾಂಟುಗಳ ಸೊಂಟವನ್ನು ಅವಳು ಆಗಲೇ ಎರಡು ಸಲ ಬಿಚ್ಚಿ ಅಗಲ ಮಾಡಿದ್ದಳು. ಯಾರೋ ಒಬ್ಬಳು ಅವನಿಗೆ ಚೆನ್ನಾಗಿ ಬಡಿಸುತ್ತಿದ್ದಾಳೆ ಎಂದು ದರ್ಜಿಯ ಲೆಕ್ಕ ಹೇಳುತ್ತಿತ್ತು.

ಸ್ಟೇನ್‌ಲೆಸ್ ಚಾಕು ಬಾಯಿ ಬಿಡುವುದಿಲ್ಲ. ಇದು ಬಿಡುತ್ತದೆ.

ಗಂಡ ಉಡುಗೊರೆ ಕಂಡು ಹಿರಿಹಿರಿ ಹಿಗ್ಗಿ, ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಊಟಕ್ಕೆ ಕೂತ. ಶನಿವಾರ ಹೋದ, ಭಾನುವಾರ ಬಂದ. ಅವನು ಸ್ನಾನಕ್ಕೆ ಹೋದಾಗ ಅವಳು ಒರೆಯಿಂದ ಚಾಕು ಎಳೆದಳು. ಅಲಗಿನ ತುಂಬ ನೀಲಿ ಬೆರೆತ ಬೂದುಗಪ್ಪು ಕಲೆ. ಮೂಗಿನ ಹತ್ತಿರ ಹಿಡಿದಳು. ಈರುಳ್ಳಿ.

ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಿಕೊಡಿ ಎಂದರೆ ಕಣ್ಣುರಿ ಎಂದು ಓಡುವವನು! ಯಾವಳಿಗೋ ಮುತ್ತು ಕೊಟ್ಟಿದ್ದರೆ ಕಾಲಾಂತರದಲ್ಲಿ ಕ್ಷಮಿಸಿಯಾಳು. ಕಣ್ಣೀರು ಸುರಿಸಿ ಈರುಳ್ಳಿ ಹೆಚ್ಚಿಕೊಡುವಷ್ಟು ಪ್ರೀತಿಯೇ? ಅವಳು ಚಾಕುವನ್ನು ಮತ್ತೆ ಒರೆಗೆ ತುರುಕಿದಳು.

ಆದರೂ ಹೊರಗಿನವರ ಬಾಯಿಂದ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳೋಣ ಎನಿಸಿತು. ಮುಂದಿನ ಶನಿವಾರ ಅವನು ಹೊರಡುವ ಮುಂಚೆ ಚೀಲದಿಂದ ಚಾಕು ಎತ್ತಿಟ್ಟುಕೊಂಡಳು. ಅವನ ಬೆನ್ನು ಮರೆಯಾಗಿ ಸ್ವಲ್ಪ ಹೊತ್ತಾದ ಮೇಲೆ ಅಂಗಡಿಗೆ ನಡೆದಳು.

ಅವಳನ್ನು ಕಂಡು ಅಂಗಡಿಯವನ ಮುಖ ಬಿಳಿಚಿತು. ಒಳಗಿನ ಮೆಟ್ಟಿಲ ಬುಡದಲ್ಲಿ ಬೂಟುಗಳ ಸಾಲಿತ್ತು. ಮೇಲೆ ಏನೋ ಧಡ್ ಎಂದಿತು.

“ಗೋದಾಮು. ಇಲಿ ಕಾಟ,” ಎಂದ ಅವನು, ಕೇಳುವ ಮೊದಲೇ.

ಅವಳು ಚಾಕು ಮುಂದಿಟ್ಟಳು. “ನೋಡಿ ಹೇಳಿ. ಇದು ಯಾವ ಕಲೆ?”

ಅವನು ಚಾಕುವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕನ್ನಡಕ ಏರಿಸಿ ಇಳಿಸಿದ. “ಅಪ್ಪಟ ಮರದ ರಸ. ಹಸಿ ಕೊಂಬೆ ಸೀಳಿದ್ದಾರೆ. ನಿಮ್ಮ ಯಜಮಾನ್ರು ಗಟ್ಟಿಗರು.”

“ಈರುಳ್ಳಿ ವಾಸನೆ ಇತ್ತಲ್ಲ?”

“ಕಾಡಲ್ಲಿ ಕಾಡೀರುಳ್ಳಿ ಇರಲ್ವಾ ಮೇಡಂ? ನನ್ನ ಆಣೆಗೂ, ಅವರ ಜೀವನದಲ್ಲಿ ಬೇರೆ ಹೆಣ್ಣು ಅನ್ನೋದೇ ಇಲ್ಲ.”

ಹೆಣ್ಣಿನ ಮಾತನ್ನು ತಾನು ಎತ್ತಿಯೇ ಇರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ವಾರದಿಂದ ಬಿಗಿಹಿಡಿದದ್ದೆಲ್ಲ ಸಡಿಲಗೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಅಳುತ್ತಲೇ ನಕ್ಕಳು. ಅಷ್ಟು ಹಗುರ ಅವಳಿಗೆ ಎಂದೂ ಆಗಿರಲಿಲ್ಲ.

“ಪಾಪ, ಸುಮ್ಮನೆ ಅನುಮಾನಪಟ್ಟೆ. ಇವತ್ತು ಚಾಕೂ ಇಲ್ಲದೆ ಕಾಡಲ್ಲಿ ಏನು ಪಾಡು ಪಡ್ತಿದ್ದಾರೋ.”

“ನೀವು ಮನೆಗೆ ಹೊರಡಿ ಮೇಡಂ,” ಎಂದು ಅಂಗಡಿಯವನು ಅವಳನ್ನು ಕೈಹಿಡಿದು ಎಬ್ಬಿಸಿ ಬಾಗಿಲ ಕಡೆಗೆ ಕಳಿಸುವಷ್ಟು ಅವಸರಪಟ್ಟ.

“ಅಣ್ಣಾ, ಚಾಕು ಮನೇಲೇ ಮರೆತು ಬಂದಿದ್ದೀನಿ, ಈರುಳ್ಳಿ ಹೆಚ್ಚೋಕೆ ಒಂದು ಕೊಡಿ, ಮೇಲೆ ಕೇರಂ ಆಡ್ತಿರೋರೆಲ್ಲ ಹಸಿದು ಕೂತಿದ್ದಾರೆ,” ಎನ್ನುತ್ತ ಬನಿಯನ್ನಿನಲ್ಲಿ ಮೆಟ್ಟಿಲಿಳಿದು ಬಂದ ಅವಳ ಗಂಡ, “ಹಾಗೇ ನಾಳೆ ಸಂಜೆಗೆ ನನ್ನ ಪಾಲಿನ ಬೂದಿ ಎತ್ತಿಟ್ಟಿರಿ.”