ತಾಯಿಮನೆಯ ಬೆಕ್ಕು

ಗೋಣಿಚೀಲದ ವಾಸನೆ ಬಂದರೆ ಸಾಕು, ಬೆಕ್ಕನ್ನು ಎಲ್ಲಿಂದ ತರುವುದೆಂದು ನಮ್ಮ ಬಿಕರ್ನಕಟ್ಟೆಯ ಮನೆಯಲ್ಲಿ ಚರ್ಚೆ ನಡೆದ ಮಧ್ಯಾಹ್ನ ನನಗೆ ಇಂದಿಗೂ ನೆನಪಾಗುತ್ತದೆ. ಫಳ್ನೀರಿನ ಅಂಗಡಿಯಿಂದ ಉದ್ದ ಕೂದಲಿನದ್ದು ತರೋಣ ಎಂದರು ಅಪ್ಪ.

“ಅದರ ತಾಯಿ ಎಂಥದ್ದು ಅಂತ ನಿನಗೆ ಗೊತ್ತುಂಟಾ ಮಾರಾಯ?” ಎಂದು ಅಜ್ಜಿ ಮಗನನ್ನು ಗದರಿದರು. ನಮ್ಮವರಲ್ಲಿ ಮನುಷ್ಯರ ಮನೆತನವನ್ನೂ ತಾಯಿಯ ಕಡೆಯಿಂದಲೇ ಎಣಿಸುವುದು.

ಮೀನು ಹುರಿಯುತ್ತಿದ್ದ ಅಮ್ಮ, “ಶಕ್ತಿನಗರದಲ್ಲಿ ನನ್ನ ಅಮ್ಮನ ಬೆಕ್ಕಿನ ಮರಿ ಉಂಟು ಮಾಮಿ, ಬೆಳೆದದ್ದು” ಎಂದು ಅತ್ತೆಗೆ ಹೇಳಿದಳು.

“ತಾಯಿ ಕದ್ದು ತಿನ್ನುತ್ತದಾ?”

“ಇಲ್ಲ.”

“ಹಾಗಾದ್ರೆ ಆಯ್ತು. ಅಪ್ಪ ಯಾರಾದ್ರೆ ಎಂತ?”

ನನ್ನ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ದಾರಿ ತಿಳಿಯದಂತೆ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ತರಬೇಕೆಂದು ಅಜ್ಜಿಯ ಅಪ್ಪಣೆಯಾಯಿತು. ರಿಕ್ಷಾದಲ್ಲಿ ಬರುವಾಗ ಅಮ್ಮ, “ಪಾಪ, ಉಸಿರು ಕಟ್ತದೆ” ಎಂದು ಗೋಣಿಯ ಬಾಯಿ ಬಿಚ್ಚಿದಳು. ಬೆಕ್ಕು ತಲೆ ಹೊರಗೆ ಹಾಕಿ, ದಾರಿಯುದ್ದಕ್ಕೂ ಒಂದೊಂದು ತಿರುವನ್ನೂ ನೋಡುತ್ತಾ ಬಂತು.

ವಾರ ಕಳೆಯುವುದರೊಳಗೆ ಅದು ಶಕ್ತಿನಗರಕ್ಕೆ ವಾಪಸ್ಸಾಗಿತ್ತು. “ನಾನೇ ಹೋಗಿ ತರ್ತೇನೆ” ಎಂದು ಅಮ್ಮ ಬ್ಯಾಗಿಗೆ ಸೀರೆ ತುಂಬತೊಡಗಿದಳು.

“ಬೆಕ್ಕು ತರ್ಲಿಕ್ಕೆ ಸೀರೆ ಯಾಕೆ?” ಎಂದರು ಅಜ್ಜಿ.

“ಅದು ಬೇಗ ಸಿಗುವುದಿಲ್ಲ ಮಾಮಿ.”